ನಾನು ತುರುಕಿದ ಎರಡಕ್ಷರ

ರಕ್ಷಿತಾ, ನಿನಗೆ ಎಂಟು ವರ್ಷವಿದ್ದಾಗ ನಾನು ಗ್ರಂಥಾಲಯದಿಂದ ಕೊಟ್ಟ ಆ ದಪ್ಪ ಪುಸ್ತಕದ ಕೊನೆಯ ಪುಟದಲ್ಲಿ ಇದ್ದದ್ದು ಅಚ್ಚಿನ ತಪ್ಪಲ್ಲ. ಬರೆದವರು ಸರಿಯಾಗಿಯೇ ಬರೆದಿದ್ದರು, ಪ್ರೆಸ್ಸಿನವರೂ ಸರಿಯಾಗಿಯೇ ಅಚ್ಚು ಹಾಕಿದ್ದರು. ಕೆಡಿಸಿದವಳು ನಾನು. ಹನ್ನೊಂದು ವರ್ಷದಿಂದ ಈ ಮಾತು ನನ್ನೊಳಗೇ ಇದೆ. ನಿನ್ನ ಪುಸ್ತಕಕ್ಕೆ ಮುನ್ನುಡಿ ಬರೆದುಕೊಡಿ ಎಂದು ನೀನು ಕೇಳದೇ ಇದ್ದಿದ್ದರೆ ಬಹುಶಃ ಅಲ್ಲೇ ಉಳಿಯುತ್ತಿತ್ತು. ಮುನ್ನುಡಿಗೆಂದು ಕೂತವಳು ಇದನ್ನು ಬರೆಯುತ್ತಿದ್ದೇನೆ.

ನನಗೆ ಜಂಬ ಇತ್ತು. ಈಗಲೂ ಇದೆ, ಯಾಕೆ ಮುಚ್ಚಿಡಲಿ? ಹೆದ್ದಾರಿ ಬದಿಯ ನಮ್ಮ ಗ್ರಂಥಾಲಯ ಎರಡೇ ಕೋಣೆಯದು. ಕಿಟಕಿ ತೆಗೆದರೆ ಉಪ್ಪುಗಾಳಿಗೆ ಪುಸ್ತಕದ ಪಿನ್ನು ತುಕ್ಕು ಹಿಡಿಯುತ್ತದೆ, ಮುಚ್ಚಿದರೆ ಗೆದ್ದಲು. ಆದರೆ ಯಾವ ಮಗುವಿಗೆ ಯಾವ ಪುಸ್ತಕ ಎಂದು ಹೇಳುವುದರಲ್ಲಿ ಕುಂದಾಪುರದಿಂದ ಬೈಂದೂರಿನವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದೇ ನನ್ನ ನಂಬಿಕೆ. ನಾನು ಓದದ ಒಂದು ಪುಸ್ತಕವೂ ಮಕ್ಕಳ ಕಪಾಟಿಗೆ ಹೋಗಿದ್ದಿಲ್ಲ. ಓದುವಾಗ ಅಚ್ಚಿನ ತಪ್ಪು ಕಂಡರೆ ಕಪ್ಪು ಪೆನ್ನಿನಲ್ಲಿ ಅಲ್ಲೇ ತಿದ್ದಿಡುವುದು ನನ್ನ ಅಭ್ಯಾಸ. "ಅಕ್ಕ ತಿದ್ದಿರೆ ಅದ್ ಸರಿಯೇ," ಎಂದು ನೀನೇ ಬೇರೆ ಮಕ್ಕಳಿಗೆ ಹೇಳಿದ್ದು ಕೇಳಿದ್ದೇನೆ. ಆ ದಿನ ಎಷ್ಟು ಹಿಗ್ಗಿದ್ದೆ ಗೊತ್ತೇ.

ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಮಕ್ಕಳ ಕಪಾಟನ್ನು ಓದಿ ಮುಗಿಸಿದವಳು ನೀನು. ನಿನಗೆ ಬೇಕಾದದ್ದು ಮಾಯಾಲೋಕದ ಕಥೆಗಳು ಮಾತ್ರ: ಹಾರುವ ಕುದುರೆ, ಮಾತಾಡುವ ಕಲ್ಲು, ನೀರಿನೊಳಗಿನ ಅರಮನೆ. ದೊಡ್ಡವರ ಕಪಾಟಿನಿಂದ ಒಂದೊಂದೇ ತೆಗೆದುಕೊಟ್ಟೆ. ಒಮ್ಮೆ ಎಡವಿದೆ — ಮಕ್ಕಳ ನೆರಳು ಕದಿಯುವ ಮಾಟಗಾತಿಯ ಕಥೆ. ನೀನದನ್ನು ಎರಡು ದಿನದಲ್ಲಿ ಮುಗಿಸಿದೆ, ಒಂದು ಪದಕ್ಕೂ ತಡವರಿಸಲಿಲ್ಲ. ಆಮೇಲೆ ನಿನ್ನ ಅಮ್ಮ ಗಿರಿಜಕ್ಕ, ತ್ರಾಸಿಯಲ್ಲಿ ಮೀನು ಮಾರಿ ಬರುವಾಗ, ಬುಟ್ಟಿಯನ್ನು ಗ್ರಂಥಾಲಯದ ಮೆಟ್ಟಿಲ ಬಳಿ ಇಳಿಸಿ ಹೊರಗೇ ನಿಂತು ಹೇಳಿದಳು:

"ಮೇಡಂ, ಹೆಣ್ಣ್ ಬಚ್ಚಲಿಗೂ ಒಬ್ಳೇ ಹೋತಿಲ್ಲೆ. ನಂಗೆ ಓದೂಕೆ ಬತ್ತಿಲ್ಲೆ, ನೀವೇ ಕಂಡ್ ಕೊಡ್ಕ್."

ನೋಡಿ ಕೊಡಬೇಕು ಎಂದರೆ ಏನೆಂದು ಆಗ ಅರ್ಥವಾಯಿತು. ನಿನ್ನ ಓದು ಹದಿನೈದು ವರ್ಷದವರದು, ಹೆದರಿಕೆ ಎಂಟರದ್ದೇ. ಇನ್ನು ಮೇಲೆ ಕೊನೆಯ ಪುಟ ನೋಡದೆ ಕೊಡುವುದಿಲ್ಲ ಎಂದು ಗಿರಿಜಕ್ಕನಿಗೆ ಮಾತು ಕೊಟ್ಟೆ.

ಆ ಮಾತು ಕೊಟ್ಟ ತಿಂಗಳಲ್ಲೇ ಹೊಸ ಪುಸ್ತಕಗಳ ಕಟ್ಟಿನಲ್ಲಿ ಆ ದಪ್ಪ ಪುಸ್ತಕ ಬಂತು. ಸಮುದ್ರದಿಂದ ಎದ್ದುಬಂದ ಒಬ್ಬ ಮುದುಕಿ, ತಬ್ಬಲಿ ಹುಡುಗಿಯನ್ನು ಸಾಕಿ, ಅಲೆಗಳ ಭಾಷೆ ಕಲಿಸುವ ಕಥೆ. ನಿನಗೆಂದೇ ಬರೆದ ಹಾಗಿತ್ತು. ಕ್ರೌರ್ಯವಿಲ್ಲ, ಅಸಹ್ಯವಿಲ್ಲ, ಭಾಷೆ ಗಟ್ಟಿ. ಕೊನೆಯ ಪುಟಕ್ಕೆ ಬಂದೆ. ಹುಡುಗಿ ದೊಡ್ಡವಳಾಗಿದ್ದಾಳೆ, ಮುದುಕಿ ನೀರಿಗಿಳಿಯುತ್ತಾಳೆ. "ಹೋಗುತ್ತೇನೆ," ಎನ್ನುತ್ತಾಳೆ. ಅಲೆ ಮುಚ್ಚಿಕೊಳ್ಳುತ್ತದೆ. ಮುಗಿಯಿತು.

ಹೋಗುತ್ತೇನೆ. ನಮ್ಮಲ್ಲಿ ಹೊರಡುವವರು ಯಾರು ಆ ಮಾತು ಆಡುತ್ತಾರೆ? "ಬತ್ತೆ", ಬರುತ್ತೇನೆ, ಎನ್ನಬೇಕು. ಗಂಗೊಳ್ಳಿಯಿಂದ ಮೀನಿನ ಬೋಟಿಗೆ ಹೋಗುವ ನಿನ್ನ ಅಪ್ಪನಂಥವರ ಮನೆಯಲ್ಲಂತೂ ಆ ಇನ್ನೊಂದು ಮಾತು ಬಾಯಿಗೇ ಬರಬಾರದು. ನೀನು ಸಂಜೆ ಮನೆಗೆ ಹೊರಡುವಾಗಲೂ "ಅಕ್ಕಾ, ಬತ್ತೆ" ಅಂದು, ನಾನು "ಹ್ಞಾಂ, ಬಾ" ಅನ್ನುವವರೆಗೆ ಹೊಸ್ತಿಲಲ್ಲೇ ನಿಂತಿರುತ್ತಿದ್ದೆ. ಅಂಥವಳು ಇದನ್ನು ಓದಿದರೆ — ಅದೂ ಅಪ್ಪ ಬೋಟಿನಲ್ಲಿದ್ದಾಗ —

ಎರಡು ವರ್ಷ ಕಪಾಟಿನ ಮೇಲಿಡಬಹುದಿತ್ತು. ಇಲ್ಲವೇ ಪಕ್ಕದಲ್ಲಿ ಕೂರಿಸಿಕೊಂಡು, ಈ ಕಥೆಯ ಕೊನೆ ದುಃಖದ್ದು ಮಗಾ, ನಾವಿಬ್ಬರೂ ಸೇರಿ ಓದೋಣ ಎನ್ನಬಹುದಿತ್ತು. ಎರಡೂ ನನ್ನ ಜಂಬಕ್ಕೆ ಒಗ್ಗಲಿಲ್ಲ. ಈ ಹುಡುಗಿಗೆ ಕೊಡಲು ನನ್ನ ಬಳಿ ಪುಸ್ತಕವಿಲ್ಲ ಎನ್ನುವುದೆಂದರೇನು? ಬ್ಲೇಡು ತಂದೆ. 'ಗು' ಅಕ್ಷರದ ಕೊಂಬನ್ನು ಕೆರೆದೆ, ತಲೆಗೆ ಗುಡಿಸು ಕೊಟ್ಟು 'ಗಿ' ಮಾಡಿದೆ, ಮುಂದಿನ ಸಂದಿಯ ಮೇಲೆ 'ಬರು' ಎಂದು ಎರಡಕ್ಷರ ತುರುಕಿದೆ. ಹೋಗಿ ಬರುತ್ತೇನೆ. ಮುದುಕಿ ನಮ್ಮೂರಿನವಳಾದಳು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ, ದೇವರಾಣೆಗೂ.

ನೀನು ಪುಸ್ತಕ ವಾಪಸು ತಂದ ದಿನ ಆ ಪುಟವನ್ನೇ ತೆರೆದು ಹಿಡಿದಿದ್ದೆ.

"ಅಕ್ಕಾ, ಇಲ್ಲ್ ಪೆನ್ನಂಗೆ ಬರ್ದದ್ದ್ ಎಂತ?"

"ಅಚ್ಚಿನ ತಪ್ಪ್ ಮಗಾ. ನಾ ತಿದ್ದಿದೆ."

ನೀನು ತಲೆಯಾಡಿಸಿದೆ. ನಾನು ತಿದ್ದಿದ್ದಲ್ಲವೇ, ಸರಿಯೇ ಇರಬೇಕು. ಆಮೇಲೆ ಮುಖ ಅರಳಿಸಿ, "ಹಂಗಾರೆ ಅಜ್ಜಿ ಬತ್ತಾಳೆ. ಎರಡನೇ ಭಾಗ ಇತ್ತಾ?" ಎಂದು ಕೇಳಿದೆ. ಇಲ್ಲ ಎನ್ನಬಹುದಿತ್ತು, ಆಗಲೂ. "ಬಪ್ಪೂಕಿತ್ತ್, ಕಾಂಬ," ಎಂದೆ, ನಿಜಕ್ಕೂ ಬರಲಿಕ್ಕಿದೆ ಎನ್ನುವ ಹಾಗೆ.

ಎರಡು ವರ್ಷ ಪ್ರತಿ ಶನಿವಾರ ನೀನು ಕೇಳಿದೆ. ಎರಡನೇ ಭಾಗ ಬಂತಾ? ಇನ್ನೂ ಇಲ್ಲೆ. ಅಪ್ಪನ ಜೊತೆ ಕುಂದಾಪುರಕ್ಕೆ ಹೋದಾಗ ಅಂಗಡಿಗಳಲ್ಲಿ ಕೇಳಿದೆಯಂತೆ, ಬ್ರಹ್ಮಾವರದ ಚಿಕ್ಕಮ್ಮನಿಗೂ ಹುಡುಕಲು ಹೇಳಿದ್ದೆಯಂತೆ. ಇದನ್ನೆಲ್ಲ ಗಿರಿಜಕ್ಕ ನಗುತ್ತ ಹೇಳುವಾಗ ನಾನೂ ನಕ್ಕೆ. ಹತ್ತನೇ ವರ್ಷಕ್ಕೆ ಕೇಳುವುದನ್ನು ಬಿಟ್ಟು ಆ ಎರಡನೇ ಭಾಗವನ್ನು ನೀನೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ.

ಈಗ ನಿನ್ನ ಇನ್ನೂರು ಪುಟಗಳು ನನ್ನ ಮೇಜಿನ ಮೇಲಿವೆ, ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತವೆ. ಮೂರು ಸಲ ಓದಿದೆ. ತಿದ್ದಲು ಪೆನ್ನು ಹಿಡಿದೇ ಕೂತಿದ್ದೆ, ಎಲ್ಲಿಯೂ ಇಳಿಸಲಾಗಲಿಲ್ಲ. ನಿನ್ನ ಮುದುಕಿ ನೀರಿನಿಂದ ಎದ್ದುಬರುವ ಅಧ್ಯಾಯ ಓದಿ ಎದ್ದು ಓಡಾಡಿದೆ, ಕಂಡಕಂಡವರಿಗೆ ಹೇಳಿದೆ: ನಮ್ಮ ಹುಡುಗಿ, ನಾನು ಪುಸ್ತಕ ಕೊಟ್ಟ ಹುಡುಗಿ. ಆದರೆ ನಿನ್ನ ಮೊದಲ ಸಾಲು: "ಹೋಗಿ ಬರುತ್ತೇನೆ ಅಂದವಳು ಬಾರದೆ ಇರುವುದಿಲ್ಲ." ಅದಕ್ಕೂ ಮುಂಚಿನ ಪುಟದಲ್ಲಿ, ಆ ಒಂದು ಮಾತಿಗಾಗಿ ಆ ಹಳೆಯ ಪುಸ್ತಕದ ಲೇಖಕರಿಗೆ ಕೃತಜ್ಞತೆ. ಅವರು ಬರೆಯದ ಮಾತಿಗೆ. ನಾಳೆ ಯಾರಾದರೂ ಆ ಪುಸ್ತಕದ ಇನ್ನೊಂದು ಪ್ರತಿ ತಂದು, ಈ ಹುಡುಗಿಗೆ ಸರಿಯಾಗಿ ಓದಲೇ ಬರುವುದಿಲ್ಲ ಎಂದರೆ — ನಿನಗೆ, ಓದಲು ಬರುವುದಿಲ್ಲವೆಂದು.

ನನ್ನ ಸುಳ್ಳಿನಿಂದಲೇ ಇದೆಲ್ಲ ಹುಟ್ಟಿತು ಎಂದುಕೊಳ್ಳುವ ಆಸೆಯೂ ಬಂದಿತ್ತು, ಸುಳ್ಳೇಕೆ. ಆದರೆ ಬರೆದವಳು ನೀನು. ನಾನು ಮಾಡಿದ್ದು ನಂಬಿದ ಮಗುವಿಗೆ ಮೋಸ ಮಾತ್ರ. ನಿಜವಾದ ಕೊನೆಯನ್ನು ಓದಿ, ಅತ್ತು, ಅದನ್ನೂ ದಾಟುವ ಶಕ್ತಿ ನಿನಗಿತ್ತೋ ಏನೋ. ಅದನ್ನು ತಿಳಿಯಲು ನಾನು ಬಿಡಲಿಲ್ಲ.

ಮೊನ್ನೆ ಆ ಎರಡಕ್ಷರವನ್ನು ಕೆರೆದು ತೆಗೆಯಲು ನೋಡಿದೆ. ಕಾಗದ ಹಳತಾಗಿದೆ, ಹರಿಯುತ್ತಿತ್ತು. ಹಾಗೇ ಬಿಟ್ಟು, ಅಂಚಿನಲ್ಲಿ ಮೂಲದ ಮಾತು ಬರೆದು, ತಪ್ಪು ಅಚ್ಚಿನದಲ್ಲ, ನನ್ನದು ಎಂದು ಸಹಿ ಹಾಕಿದ್ದೇನೆ.

ಭಾನುವಾರ ಪುಸ್ತಕವನ್ನೂ ಈ ಹಾಳೆಗಳನ್ನೂ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ಗಿರಿಜಕ್ಕನ ಎದುರೇ ಓದಿ ಹೇಳುತ್ತೇನೆ. ಕೊನೆಯ ಪುಟದ ಮಾತು ಕೊಟ್ಟದ್ದು ಅವಳಿಗೆ. ಮೊದಲ ಸಾಲನ್ನು ಇಟ್ಟುಕೊಳ್ಳುವುದು, ಬಿಡುವುದು ನಿನಗೆ ಬಿಟ್ಟದ್ದು. ಇದನ್ನೇ ಮುನ್ನುಡಿಯಾಗಿ ಹಾಕಿದರೂ ಸೈ, ನನ್ನ ಹೆಸರನ್ನೇ ತೆಗೆದರೂ ಸೈ. ಹೊರಡುವಾಗ ಹೊಸ್ತಿಲಲ್ಲಿ ನಿಂತು "ಬತ್ತೆ" ಅನ್ನುತ್ತೇನೆ. ನೀನು "ಬನ್ನಿ ಅಕ್ಕ" ಎನ್ನದಿದ್ದರೆ, ಆ ಮುದುಕಿಯ ನಿಜವಾದ ಮಾತು ನನ್ನದೂ ಆಗಲಿ.