ಗಡಿಗೆಯ ಕೊನೆಯ ಗುಟುಕು

ನಾನು ಬೊಗಸೆಯೊಡ್ಡಿದೆ. ಹಲಸಿ ಊರಿನ ಕುರಿಗಾಹಿ ಮನೆಯೊಂದರ ಅಜ್ಜಿ ಮಜ್ಜಿಗೆಯ ಗಡಿಗೆಯನ್ನು ಹಿಂದಕ್ಕೆ ಸರಿಸಿದಳು.

ಎಪ್ಪತ್ತರ ದಶಕ. ಹೊಸದಾಗಿ ಸೇನಾಧಿಕಾರಿಗಳಾಗಿ ಬೆಳಗಾವಿಯಲ್ಲಿ ತರಬೇತಿಯಲ್ಲಿದ್ದ ನಾವು ಎಂಟು ಜನ, ಬೆಳಗಿನಿಂದ ಮಂಜಿನೊಳಗೆ ನಡೆದು ಬಂದಿದ್ದೆವು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದಂಥ ದಣಿವು. “ನಿಮ್ಮೊಳಗ ಯಜಮಾನ ಯಾರಪಾ?” ಎಂದು ಅಜ್ಜಿ ಕೇಳಿದಾಗ, ಆ ದಿನದ ನಾಯಕನಾಗಿದ್ದ ನಾನು ಎದೆಯುಬ್ಬಿಸಿ ಮುಂದೆ ಬಂದಿದ್ದೆ.

“ಹಂಗಾರ ನೀ ಕಡೀಕ ಬಾ. ಕುರಿ ಎಲ್ಲಾ ನೀರ ಕುಡದ ಮ್ಯಾಲನ ನಮ್ಮನಿ ಯಜಮಾನ ಕುಡೀತಾನ.”

ಉಳಿದ ಏಳೂ ಜನ ಕುಡಿದರು. ನನಗೆ ಉಳಿದದ್ದು ಒಂದೇ ಗುಟುಕು.

ಅಧಿಕಾರಿಯಾಗುವಾಗ ತೊಟ್ಟ ಪ್ರತಿಜ್ಞೆಯ ಮಾತುಗಳು ಈಗ ಮಸುಕು. ಆದರೆ ಊಟದ ಸಾಲಿನಲ್ಲಿ ನನ್ನ ಸೈನಿಕರ ಹಿಂದೆ ನಿಂತಾಗಲೆಲ್ಲ ಆ ಮಂಜು ಮತ್ತೆ ಇಳಿಯುತ್ತಿತ್ತು, ನಾಲಿಗೆಯ ಮೇಲೆ ಅದೇ ಹುಳಿ.