ಗಂಡನ ಹೆಸರಿನ ಖಾನೆ

ಮಾನವಕುಲದ ಪ್ರಗತಿಯನ್ನು ಯಾರೂ ತಡೆಯಲಾರರು. ಪುಣೆ ಹತ್ತಿರದ ಪಿಂಪ್ರಿಯ ನಮ್ಮ ದವಾಖಾನೆಯಲ್ಲಿ ಮಾತ್ರ ಅದು ಒಂದು ಖಾಲಿ ಖಾನೆ ಕಂಡರೆ ನಿಂತುಬಿಡುತ್ತಿತ್ತು.

ಅಲ್ಲಿ ರೋಗಿಗಳ ಕೇಸ್ ಪೇಪರ್ ಬರೆಯುತ್ತಿದ್ದವರು ಧಾರವಾಡ ಕಡೆಯ ಒಬ್ಬ ಅಕ್ಕ. ಪೆನ್ನಿನಿಂದ ಮೇಜು ಕುಟ್ಟುತ್ತ, "ಲಗೂ ಹೇಳ್ರಿ, ಜಡ್ಡು ಕಾಯೂದಿಲ್ಲ" ಎಂದು ಎಲ್ಲರನ್ನೂ ಗದರುತ್ತಿದ್ದರು. ಗಂಡನ ಹೆಸರು ಹೇಳಲೊಲ್ಲದ ಹೆಂಗಸರು ಬಂದರೆ ಅಲ್ಲೊಂದು ಗೆರೆ ಎಳೆದು ಒಳಗೆ ಕಳಿಸುತ್ತಿದ್ದರು. ಕಾಗದ ಎಂದೂ ತಕರಾರು ಮಾಡಿರಲಿಲ್ಲ.

ಆಮೇಲೆ ನಮ್ಮ ಬೆಳಗಾವಿಯ ಡಾಕ್ಟರು ಕಂಪ್ಯೂಟರ್ ತರಿಸಿದರು. ಆ ಖಾನೆ ತುಂಬದೆ ಅದು ನಂಬರ್ ಕೊಡುತ್ತಿರಲಿಲ್ಲ; ನಂಬರ್ ಇಲ್ಲದೆ ಡಾಕ್ಟರು ಯಾರ ನಾಡಿಯನ್ನೂ ಹಿಡಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಟ್ಟಡ ಕೆಲಸದ, ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಜ್ವರದಿಂದ ನಡುಗುತ್ತ ಬಂದಳು. ಅಕ್ಕ ಗಂಡನ ಹೆಸರು ಕೇಳಿದರು. ಅವಳು ಸೆರಗು ಕಚ್ಚಿಕೊಂಡಳು.

"ಒಡಪಿನಾಗರ ಹೆಸರು ಸೇರಿಸಿ ಹೇಳವ್ವಾ, ಮದವ್ಯಾಗ ಪದಾ ಕಟ್ಟಿ ಹೇಳಿದ್ಹಂಗ."

"ಇಷ್ಟು ಮಂದ್ಯಾಗ? ಒಲ್ಲೆ ಯಕ್ಕಾ," ಎನ್ನುತ್ತಲೇ ಅವಳು ಗೋಡೆಗುಂಟ ಜಾರಿ ಕುಸಿದಳು.

"ಸರ, ಹಂಗ ಒಳಗ ಕರಕೊಂಡು ಬರ್ಲೇನ್ರಿ?" ಎಂದು ಅಕ್ಕ ಕೂಗಿದರು.

"ಮೊದಲ ಎಂಟ್ರಿ ಮಾಡ್ರಿ," ಎಂದು ಒಳಗಿನಿಂದ ಡಾಕ್ಟರ ಅಪ್ಪಣೆಯಾಯಿತು.

ಅಕ್ಕ ಹಲ್ಲು ಕಡಿದು, ಆ ಖಾನೆಯಲ್ಲಿ ಡಾಕ್ಟರ ಹೆಸರನ್ನೇ ಪದವಿ ಸಮೇತ ಒತ್ತಿದರು. ಯಂತ್ರ ಪರಮಸಂತೋಷದಿಂದ ನಂಬರ್ ಕೊಟ್ಟಿತು.

ಒಳಗೆ ಬಂದ ನಂಬರ್ ಚೀಟಿಯಲ್ಲಿ ತಮ್ಮ ಹೆಸರು ನೋಡಿದ ಡಾಕ್ಟರು ಹೊರಗೆ ಧಾವಿಸಿ ಬಂದರು. "ಏನ್ರಿ ಇದು, ತಲಿ ಅದ ಏನ್ರಿ ನಿಮಗ?"

"ನಿಮ್ಮ ಯಂತ್ರಕ್ಕ ಒಬ್ಬ ಗಂಡ ಬೇಕಾಗಿದ್ದನ್ರಿ. ಕೊಟ್ಟೀನಿ. ಈಗರ ಆಕೀನ್ನ ನೋಡ್ರಿ!"

ಆ ಹೆಣ್ಣುಮಗಳಿಗೆ ಆಗಲೇ ಇಂಜೆಕ್ಷನ್ ಸಿಕ್ಕಿತು. ಅಕ್ಕನನ್ನು ಮರುದಿನ ಕೆಲಸದಿಂದ ತೆಗೆದರು. ಖಾನೆಯನ್ನು ತೆಗೆಯಲಿಲ್ಲ.