ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಮೊನ್ನೆ ಕೊಪ್ಪಳದಲ್ಲೊಂದು ಮದುವೆ ಊಟಕ್ಕೆ ಕೂತಿದ್ದೆ. ನೆತ್ತಿಯ ಮೇಲೆ ಫ್ಯಾನು ತೂಕಡಿಸುತ್ತಾ ತಿರುಗುತ್ತಿತ್ತು. ಒಂದು ರೆಕ್ಕೆಯ ಮೇಲೆ ದಾನಿಯ ಹೆಸರು, ಇನ್ನೊಂದರ ಮೇಲೆ ಅವರಪ್ಪನದು, ಮೂರನೆಯದರ ಮೇಲೆ ಊರು. ಕತ್ತೆತ್ತಿ ಓದುವಷ್ಟರಲ್ಲಿ ಸಾರು ಎಲೆ ದಾಟಿ ನನ್ನ ಧೋತರಕ್ಕೆ ಬಂದಿತ್ತು. ನಮ್ಮ ಸೀಮೆಯ ದಾನಿಗಳ ಚಾಳಿ ನಿಮಗೂ ಗೊತ್ತಲ್ಲ, ಹೆಸರು ಬರೆಸಲು ಜಾಗವಿದ್ದರೇ ಕೈ ಬಿಚ್ಚುತ್ತದೆ.

ಎಂಬತ್ತರ ದಶಕದ ಮಾತು. ಗಂಗಾವತಿಯಲ್ಲಿದ್ದ ನನ್ನ ಅಕ್ಕನ ಮಗಳು ಗಿರಿಜಾ ಮಾತಾಡುತ್ತಿರಲಿಲ್ಲ. ಮುಟ್ಟಿದರೆ ಚೀರುತ್ತಿದ್ದಳು, ತಿರುಗುವುದೇನಾದರೂ ಕಂಡರೆ ಗಂಟೆಗಟ್ಟಲೆ ನೋಡುತ್ತಿದ್ದಳು. ಆಟಿಸಂ ಎಂಬ ಮಾತು ನಮ್ಮ ಕಡೆಯ ಬಸ್ಸನ್ನು ಇನ್ನೂ ಹತ್ತಿರಲಿಲ್ಲ. "ಹೇಮಗುಡ್ಡದ ದುರ್ಗವ್ವಗ ಹರಕಿ ಹೊರ್ರಿ" ಎನ್ನುವವರೇ ಎಲ್ಲ. ಅಕ್ಕ ಹರಕೆಯನ್ನೂ ಹೊತ್ತಳು. ಭತ್ತ ನಾಟಿಗೆ ಕೂಲಿ ಹೋಗುವಾಗ ಮಗಳ ಕಾಲನ್ನು ಹಳೇ ಸೀರೆಯಿಂದ ಮಂಚಕ್ಕೆ ಕಟ್ಟಿಯೂ ಹೋದಳು. 

ಅಂಥದೇ ಮಕ್ಕಳಿದ್ದ ತಾಯಂದಿರನ್ನು ಕೂಡಿಸಿ, ಕಾಲುವೆ ಪಕ್ಕದ ಗೋದಾಮಿನಲ್ಲಿ ಹಗಲೆಲ್ಲ ಮಕ್ಕಳನ್ನು ನೋಡಿಕೊಳ್ಳುವ ಮನೆ ಮಾಡಬೇಕೆಂದು ಅಕ್ಕ ಹಟ ಹಿಡಿದಳು. ಅದಕ್ಕೆ ಬೇಕಾದದ್ದು ಒಂದು ಪಾಯಖಾನೆ. ಇಲ್ಲದಿದ್ದರೆ ಮಕ್ಕಳನ್ನು ಕಾಲುವೆ ದಂಡೆಗೆ ಕರೆದೊಯ್ಯಬೇಕು. ನೀರು ಕಂಡರೆ ಓಡುವ ಮಕ್ಕಳವು. "ಪಾಯಖಾನಿ ಆಗೋಮಟ ನನ್ನ ಕೂಸಿನ್ನ ಬಿಡಂಗಿಲ್ಲವ್ವಾ" ಎಂದು ತಾಯಂದಿರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನೂ ರಜೆ ಹಾಕಿ ದೇಣಿಗೆಗೆ ಹೊರಟೆ. ಕುಷ್ಟಗಿ, ಯಲಬುರ್ಗಾ ಎಲ್ಲ ತಿರುಗಿದೆವು. ನಾನು ಮಾನವೀಯತೆಯಿಂದ ಶುರುಮಾಡಿ ವಿಷಯಕ್ಕೆ ಬರುವಷ್ಟರಲ್ಲಿ ಕೇಳುವವರು ಚಹಾ ಕುಡಿದು ಎದ್ದಿರುತ್ತಿದ್ದರು. ಗಂಗಾವತಿಯ ಅಕ್ಕಿ ಗಿರಣಿ ಸಾಹುಕಾರರಂತೂ ನೇರವಾಗಿ ಕೇಳಿದರು: "ಪಾಯಖಾನಿ ಮ್ಯಾಲೆ ನಮ್ಮಪ್ಪನ ಹೆಸರು ಬರಸಾಕ ಆಗತೈತೇನ್ರಿ? ಒಂದು ಛಲೋ ಫ್ಯಾನ್ ಕೊಡ್ತೀನಿ, ತಗೊಂಡು ಹೋಗ್ರಿ." ಉಳಿದವರೂ ಅದೇ ದಾರಿ ಹಿಡಿದರು. ಗೋದಾಮಿನ ತುಂಬ ಫ್ಯಾನುಗಳಾದವು. ಎಲ್ಲ ಒಟ್ಟಿಗೆ ಹಾಕಿದರೆ ಗೋದಾಮು ಹಾರಿ ಆನೆಗೊಂದಿಯಲ್ಲಿ ಇಳಿದೀತು ಎಂದು ಅಕ್ಕನನ್ನು ನಗಿಸಲು ನೋಡಿದೆ. ಅವಳು ನಗಲಿಲ್ಲ.

ಪಾಯಖಾನೆ ಇಲ್ಲದೆಯೇ ಇಟ್ಟುಕೊಂಡ ಉದ್ಘಾಟನೆಗೆ ಸಾಹುಕಾರರೇ ಬಂದರು. ಅವರ ಫ್ಯಾನು ಜೋರಾಗಿ ತಿರುಗುತ್ತಿತ್ತು, ಕೆಳಗೆ ಗಿರಿಜಾ ಅಂಗಾತ ಮಲಗಿ ನಗುತ್ತಿದ್ದಳು. "ಅಲ್ರೀ, ಹಿಂಗ ತಿರುಗಿದ್ರ ಹೆಸರು ಹೆಂಗ ಕಾಣಸ್ತೈತಿ?" ಎಂದು ಅವರು ಬಟನ್ ಒತ್ತಿ ನಿಲ್ಲಿಸಿದರು. ಗಿರಿಜಾ ಚೀರಿದಳು. ಗಾಬರಿಯಾಗಿ ಮತ್ತೆ ಹಾಕಿದರು, ಸುಮ್ಮನಾದಳು. ಹೆಸರಿನ ಆಸೆ ಬಿಡಬೇಕಲ್ಲ, ಮತ್ತೆ ನಿಲ್ಲಿಸಿದರು. ಆಗ ಯಾರನ್ನೂ ಮುಟ್ಟಗೊಡದ ಹುಡುಗಿ ಎದ್ದು ಬಂದು, ಸಾಹುಕಾರರ ಉಂಗುರದ ಕೈಯನ್ನು ಹಿಡಿದೆಳೆದು ಬಟನ್ನಿನ ಮೇಲಿಟ್ಟಳು. ಫ್ಯಾನು ತಿರುಗಿತು. ಅವಳು ಕೈ ಬಿಡಲಿಲ್ಲ.

"ನನ್ನ ಕೈ ಸೈತ ಆಕಿ ಹಿಂಗ ಹಿಡಿದಿಲ್ರೀ" ಎಂದು ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಹುಕಾರರು ಆ ಕೈ ಬಿಡಿಸಿಕೊಳ್ಳಲಿಲ್ಲ. ಅಕ್ಕನ ಕಡೆ ತಿರುಗಿ, "ಯವ್ವಾ, ಪಾಯಖಾನಿ ಕೇಳಿದ್ದಿ ಅಲ್ಲ, ನಾಳೆ ಗೌಂಡಿನ್ನ ಕಳಸ್ತೀನಿ. ಆದ್ರ ನಿನಗ ಕೈ ಮುಗೀತೀನಿ, ಅದರ ಮ್ಯಾಲೆ ನನ್ನ ಹೆಸರು ಮಾತ್ರ ಬರಸಬ್ಯಾಡ" ಎಂದರು. ಅಕ್ಕ ಅಳುತ್ತಲೇ ನಕ್ಕಳು. ಪಾಯಖಾನೆಯಾಯಿತು, ತಾಯಂದಿರು ಮಕ್ಕಳನ್ನು ಬಿಟ್ಟು ನಿಶ್ಚಿಂತೆಯಿಂದ ಗದ್ದೆಗೆ ಹೋದರು. ಕಾಲು ಕಟ್ಟುತ್ತಿದ್ದ ಸೀರೆಯಿಂದ ಅಕ್ಕ ಒಂದು ಕೌದಿ ಹೊಲಿದಳು.

ಮೊನ್ನೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವಳು ಅದೇ ಗಿರಿಜಾ. ತಲೆ ನರೆತಿದೆ, ಮಾತು ಇವತ್ತಿಗೂ ಇಲ್ಲ. ನಾನು ಕತ್ತು ನೋಯಿಸಿಕೊಳ್ಳುವುದನ್ನು ಕಂಡು ಬಡಿಸುವವನೊಬ್ಬ, "ಬಂದ್ ಮಾಡ್ಲೇನ್ರಿ ಅಜ್ಜಾರ, ಹೆಸರು ಓದ್ತೀರೇನು?" ಎಂದ. ನಾನು ಉತ್ತರ ಕೊಡುವ ಮೊದಲೇ ಗಿರಿಜಾ ನನ್ನ ಎಂಜಲು ಕೈಯನ್ನು ಹಿಡಿದು ಗೋಡೆಯ ರೆಗ್ಯುಲೇಟರಿನತ್ತ ಎಳೆದಳು. ಹೋಳಿಗೆ ಬಿಟ್ಟು ಎದ್ದೆ. ಫ್ಯಾನಿನ ವೇಗ ಪೂರಾ ಏರಿಸಿದೆ. ಹೆಸರು, ಅಪ್ಪ, ಊರು ಎಲ್ಲ ಕೂಡಿ ಬರೀ ಗಾಳಿಯಾದವು.